ಬಾನೆಟ್ಟಿನ ಒಳಗಿನ ಹೊಳಪು

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಅಂಟಿಕೊಳ್ಳುತ್ತದೆ ಎಂಬುದು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ನಿಲಂಗಾದ ಓಣಿಯಲ್ಲಿ ಕೂತು ನಾನು ಕಂಡುಕೊಂಡ ಸಂಗತಿ. ಕೆಲವರಿಗೆ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ, ಕೆಲವರಿಗೆ ಮಠದ ಕಮಿಟಿ. ನಮ್ಮ ಎದುರುಮನೆಯ, ಕಂದಾಯ ಇಲಾಖೆಯ ನಿವೃತ್ತ ತಲಾಠಿಯವರಿಗೆ ಬೆಳಗಿನ ನಡಿಗೆ ಅಂಟಿಕೊಂಡು, ಅದು ಬೆಳೆಯುತ್ತ ಬೆಳೆಯುತ್ತ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ನನಗೆ ಅಂಟಿಕೊಂಡದ್ದು ಹೊಳಪು. ಮುಖದ ಹೊಳಪೋ ಮಾತಿನ ಹೊಳಪೋ ಆಗಿದ್ದರೆ ಮನೆಯವರು ಸಂತೋಷಪಡುತ್ತಿದ್ದರು. ನನಗೆ ಬೇಕಾದದ್ದು ನನ್ನ ಹಳೆಯ ಕಾರಿನ ಎಂಜಿನ್ನಿನ ಹೊಳಪು. ಬಾನೆಟ್ಟಿನ ಕೆಳಗೆ, ಎಣ್ಣೆ ಧೂಳುಗಳ ನಡುವೆ, ಯಾರ ಕಣ್ಣಿಗೂ ಬೀಳದಂತೆ ಕೂತಿರುವ ಒಂದಿಷ್ಟು ಲೋಹ ಕನ್ನಡಿಯ ಹಾಗೆ ಮಿನುಗಬೇಕು ಎಂಬ ಆಸೆ, ಪೂಜೆ ಪುನಸ್ಕಾರ ಮಾಡಿ ಬದುಕುವ ಒಬ್ಬ ಜಂಗಮನಿಗೆ ಯಾಕೆ ಹುಟ್ಟಬೇಕು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದನ್ನು ಬಹಳ ಸಲ ಕೇಳಿಯಾಗಿದೆ.

ನಮ್ಮದು ಅಯ್ಯನವರ ಮನೆತನ. ನಿಲಂಗಾದಿಂದ ಹಿಡಿದು ಉದಗೀರ ದಾಟಿ ಜಳಕೋಟದವರೆಗೆ ಭಕ್ತರ ಮನೆಗಳಿವೆ. ಮದುವೆ, ತೊಟ್ಟಿಲು, ಹೊಸ ಮನೆಯ ವಾಸ್ತು, ಶ್ರಾವಣದ ಅಭಿಷೇಕ ಎಲ್ಲಕ್ಕೂ ನಾನು ಹೋಗಬೇಕು. ನಮ್ಮ ತಂದೆ ಎಸ್ಟಿ ಬಸ್ಸಿನಲ್ಲಿ ಹೋಗುತ್ತಿದ್ದರು. ನಾನು ಕಾರಿನಲ್ಲಿ ಹೋಗುತ್ತೇನೆ. ಉದಗೀರದ ಕಾಲೇಜು ಮಾಸ್ತರರೊಬ್ಬರು ಬಳಸಿ ಬಿಟ್ಟ ಕಾರು ಅದು. ತೊಗೊಂಡಾಗ ಬೆಳ್ಳಗಿತ್ತು, ಈಗ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ದೇವರ ಮುಂದೆ ಸಂಸ್ಕೃತ ಮಾತಾಡುವ ನಾನು ಆ ಕಾರಿನ ಜೊತೆಗೆ ಮಾತ್ರ ಮೂರನ್ನೂ ಕೂಡಿಸಿ ಮಾತಾಡುತ್ತೇನೆ. ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಆ ಬಡ ಗಾಡಿಗೆ ಅನ್ಯಾಯವಾದೀತು: ಅದು ನನ್ನನ್ನು ಒಂದು ದಿನವೂ ರಸ್ತೆಯಲ್ಲಿ ಕೈಬಿಟ್ಟಿಲ್ಲ.

ಹೊಳಪಿನ ರೋಗ ಹತ್ತಿದ್ದು ಹೀಗೆ. ಒಂದು ದಿನ ಪೂಜೆ ಮುಗಿಸಿ ಎದ್ದವನು, ಕಾರಿಗೆ ಎಣ್ಣೆ ಎಷ್ಟಿದೆ ನೋಡೋಣವೆಂದು ಬಾನೆಟ್ ಎತ್ತಿದೆ. ಎಂಜಿನ್ನಿನ ತಲೆಯ ಮೇಲೆ ಒಂದು ಉದ್ದನೆಯ ಮುಚ್ಚಳವಿರುತ್ತದೆ, ಮಿಸ್ತ್ರಿಗಳು ಅದಕ್ಕೆ ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಮೇಲೆ ಎಣ್ಣೆ ಜಿನುಗಿತ್ತು. ಬೆರಳಿನಿಂದ ಒರೆಸಿದೆ. ಬೆರಳಿಗೆ ವಿಭೂತಿ ಇತ್ತು. ಒರೆಸಿದ ಜಾಗದಲ್ಲಿ ಕುಂಕುಮದ ಬೊಟ್ಟಿನಷ್ಟು ಅಗಲ ಫಳಕ್ಕನೆ ಹೊಳೆಯಿತು. ಇಷ್ಟು ವರ್ಷ ಕರ್ರಗೆ ಕೂತಿದ್ದ ಲೋಹದೊಳಗೆ ಬೆಳ್ಳಿಯಂಥದೊಂದು ಅಡಗಿಕೊಂಡಿದೆ ಎಂದು ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ? ನಾನು ಒಳಗೆ ಹೋಗಿ ವಿಭೂತಿಯ ಗಟ್ಟಿಯನ್ನೇ ತಂದೆ.

ನನ್ನ ಹೆಂಡತಿ ಮಹಾನಂದಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. "ದೇವರ ಸಾಮಾನು ಬೆಳಗ್ರಿ ಅಂದ್ರ ಬೆನ್ನು ನೋಯ್ತದ ಅಂತೀರಿ. ಇದಕ್ಕ ಬಾಗಿದ್ರ ನೋಯಲ್ಲೇನು?" ಎಂದಳು. ನಾನು ತಿಕ್ಕುತ್ತಲೇ ಇದ್ದೆ. ತಪಸ್ಸಿಗೆ ಕೂತವರು ಇಂಥ ಮಾತುಗಳಿಗೆ ಕಿವಿಗೊಡಬಾರದು. ವಿಭೂತಿಯಿಂದ ಬೊಟ್ಟು ಹೊಳೆಯಿತೇ ಹೊರತು ಇಡೀ ಮುಚ್ಚಳ ಹೊಳೆಯಲಿಲ್ಲ. ಮುಚ್ಚಳವನ್ನು ಬಿಚ್ಚಿ ಒಳಗೆ ತಂದೆ. ಎಣ್ಣೆಯ ಜಿಡ್ಡು ಹೋಗಬೇಕಾದರೆ ಸೋಡಾ ಬೇಕು ಎಂದು ನನಗೆ ನಾನೇ ತೀರ್ಮಾನಿಸಿ, ಬಟ್ಟೆ ಸೋಡಾ ಹಾಕಿದ ಕುದಿನೀರಿನ ಬಕೇಟಿನಲ್ಲಿ ಅದನ್ನು ಮುಳುಗಿಸಿ ಒಂದು ಮನೆಯ ಸತ್ಯನಾರಾಯಣಕ್ಕೆ ಹೋದೆ. ಸಂಜೆ ಬಂದು ತೆಗೆದರೆ ಮುಚ್ಚಳ ಹಂಚಿನಂತೆ ಕಪ್ಪಾಗಿತ್ತು. ಬೆಳಿಗ್ಗೆ ಹೊಳೆದಿದ್ದ ಬೊಟ್ಟು ಸಹ ಎಲ್ಲಿತ್ತೆಂದು ಗುರುತು ಸಿಗಲಿಲ್ಲ.

"ಇದು ಜರ್ಮನ್ ಅದರಿ," ಎಂದಳು ಮಹಾನಂದಾ. ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನ್ ಎನ್ನುತ್ತೇವೆ. "ಜರ್ಮನ್ ಬೋಗಾಣಿಗಿ ಸೋಡಾ ಹಾಕಿದ್ರ ಕರ್ರಗಾಗ್ತದ."

"ಮೊದಲೇ ಹೇಳಬಾರದಾಗಿತ್ತೇನು?"

"ನೀವು ಬೋಗಾಣಿ ತೊಳ್ಯಾಕತ್ತೀರಿ ಅಂತ ನನಗೇನು ಗೊತ್ತ್ರಿ? ಏನೋ ಶಾಸ್ತ್ರ ಮಾಡ್ಲಾಕತ್ತಾರ ಅಂತ ತಿಳಕೊಂಡಿನಿ."

ಹೀಗಾಗಿ ನಾನು ಆ ಕರಿ ಮುಚ್ಚಳವನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು, ಮುಚ್ಚಳವಿಲ್ಲದ ಕಾರನ್ನು ಮನೆಯ ಮುಂದೆ ಬಿಟ್ಟು, ಎಸ್ಟಿ ಹಿಡಿದು ಉಮರ್ಗಾ ದಾಟಿ ಯೆಣೆಗೂರಕ್ಕೆ ಹೋಗಬೇಕಾಯಿತು. ಅಲ್ಲಿ ಹೈವೇ ಮೇಲೆ, ಢಾಬಾಗಳ ಸಾಲಿನ ಕೊನೆಯಲ್ಲಿ ಪಾಲಿಶ್ ಅಂಗಡಿಯೊಂದಿದೆ. ಮಾಲೀಕನನ್ನು ಎಲ್ಲರೂ ಉಸ್ತಾದ ಎಂದು ಕರೆಯುತ್ತಾರೆ. ಲಾರಿಗಳ ಬಂಪರು, ಮೆಟ್ಟಿಲುಗಳ ಸ್ಟೀಲ್ ಕಂಬಿ, ಗುಡಿಯ ಗಂಟೆ ಎಲ್ಲವನ್ನೂ ಮಷೀನಿಗೆ ಹಚ್ಚಿ ಹೊಳೆಯಿಸುವ ಮನುಷ್ಯ. ಅಂಗಡಿ ಪೂರಾ ಕಪ್ಪು ಧೂಳು. ಅದರ ನಡುವೆ ಉಸ್ತಾದ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿ, ಕುರ್ಚಿಯ ಮೇಲೆ ಕೂತಿದ್ದ. ಕೆಲಸವನ್ನೆಲ್ಲ ಅವನ ಅಳಿಯ ಮಾಡುತ್ತಿದ್ದ. ಉಸ್ತಾದ ಮುಚ್ಚಳವನ್ನು ಎರಡು ಬೆರಳಿನಿಂದ ಹಿಡಿದು ನೋಡಿದ.

"ಯಾರು ಇದರ ಜಿಂದಗಿ ಬರ್ಬಾದ್ ಮಾಡ್ಯಾರರಿ?"

"ಮನಿಯಾಗ ಹೆಣ್ಮಕ್ಕಳು ತೊಳೆದು ಬಿಟ್ಟಾರ," ಎಂದೆ. ಮಹಾನಂದಾ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

"ಬಿಟ್ಟು ಹೋಗ್ರಿ. ನಿಮ್ಮ ಮುಖ ಕಾಣ್ಬೇಕು ಹಂಗ ಮಾಡಿ ಕೊಡ್ತೀನಿ," ಎಂದ. ಯಾವಾಗ ಬರಲಿ ಎಂದರೆ ಕೈಯನ್ನು ಆಕಾಶದ ಕಡೆ ತೋರಿಸಿದ. ನಾನು ಎರಡು ಸಲ ಹೋಗಿ ಬರಿಗೈಲಿ ಬಂದೆ. ಮೂರನೆಯ ಸಲ ಹೋದಾಗ ನನ್ನ ಮುಚ್ಚಳ ಅಂಗಡಿಯ ಮುಂದೆ ತಂತಿಗೆ ನೇತಾಡುತ್ತ ಬಿಸಿಲಿಗೆ ಹೊಳೆಯುತ್ತಿತ್ತು, ಅದರ ಬೆಳಕು ಹೈವೇಯ ಆಚೆ ಢಾಬಾದ ಗೋಡೆಯ ಮೇಲೆ ಬಿದ್ದು ಅಲುಗಾಡುತ್ತಿತ್ತು. "ಇದನ್ನ ನೋಡೇ ಗಿರಾಕಿ ನಿಲ್ಲಾಕತ್ತಾರರಿ ಅಯ್ಯಾರ. ಇನ್ನ ಜರಾ ದಿವಸ ಇರ್ಲಿ," ಎಂದು ಉಸ್ತಾದ ನನ್ನನ್ನೇ ಬೇಡಿಕೊಂಡ. ಅದನ್ನು ಬಿಡಿಸಿಕೊಳ್ಳಲು ಇಲ್ಲದ ಮದುವೆಯೊಂದನ್ನು ಹುಟ್ಟಿಸಿ, ಅದರ ಮುಹೂರ್ತಕ್ಕೆ ಗಾಡಿ ಬೇಕೇ ಬೇಕು ಎಂದು ಹೇಳಬೇಕಾಯಿತು. ಕೊನೆಗೆ ಕೈಗೆ ಬಂತು. ಮುಖ ಕಂಡಿತು, ನಿಜ. ವಿಭೂತಿಯ ಮೂರು ಗೆರೆಗಳೂ, ನಡುವಿನ ಗೆರೆ ಸೊಟ್ಟಗಾದದ್ದೂ ಕಂಡಿತು. ಆದರೆ ಅವನು ಹೇಳಿದ ದರ ಕೇಳಿದಾಗ ಅದೇ ಮುಚ್ಚಳದಲ್ಲಿ ನನ್ನ ಮುಖ ಬದಲಾದದ್ದು ಸಹ ಸ್ಪಷ್ಟವಾಗಿ ಕಂಡಿತು. ಉಳಿದ ಭಾಗಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು ಎಂದು ನಾನು ವಾಪಸು ಬಸ್ಸಿನಲ್ಲಿ ಕೂತು ನಿಶ್ಚಯಿಸಿದೆ.

ಉಳಿದದ್ದೆಂದರೆ ಮುಖ್ಯವಾಗಿ ಒಂದು ಪೈಪು. ಎಂಜಿನ್ನಿಗೆ ಗಾಳಿ ಒಯ್ಯುವ, ಆನೆಯ ಸೊಂಡಿಲಿನಂತೆ ಬಾಗಿದ ಪೈಪು. ಹೊಳೆಯುವ ಮುಚ್ಚಳದ ಪಕ್ಕದಲ್ಲಿ ಅದು, ಮದುಮಗಳ ಪಕ್ಕದಲ್ಲಿ ಹೊಲದಿಂದ ಸೀದಾ ಎದ್ದು ಬಂದ ಸೋದರಮಾವನಂತೆ ಕಾಣುತ್ತಿತ್ತು. ಓಣಿಯ ಇಲೆಕ್ಟ್ರಿಶಿಯನ್ ಹತ್ತಿರ ಡ್ರಿಲ್ ಮಷೀನು ಕೇಳಿ ತಂದೆ. ಅದರ ಮೂತಿಗೆ ಸಿಕ್ಕಿಸುವ ಬಟ್ಟೆಯ ಚಕ್ರ, ಮೇಲೆ ಹಚ್ಚುವ ಹಸಿರು ಪಾಲಿಶಿನ ಗಟ್ಟಿ, ಹಲವು ಬಗೆಯ ಉಸುಕಿನ ಕಾಗದ ಎಲ್ಲವನ್ನೂ ಜಮಾಯಿಸಿದೆ. ಮಾಳಿಗೆಯ ಮೇಲೆ ಗಾಳಿ ಬೆಳಕು ಚೆನ್ನಾಗಿದೆ ಎಂದು ಪೈಪನ್ನು ಬಿಚ್ಚಿಕೊಂಡು ಅಲ್ಲಿಗೇ ಹೋದೆ. ಗಾಳಿ ಬೆಳಕು ಚೆನ್ನಾಗಿದೆ ಎಂದು ಮಹಾನಂದಾ ಮತ್ತು ಪಕ್ಕದ ಮನೆಯ ಶಿಂದೆ ವೈನಿ ಕೂಡಿ ಅದೇ ಮಾಳಿಗೆಯ ಮೇಲೆ ಉದ್ದಿನ ಹಪ್ಪಳ ಒಣಹಾಕಿದ್ದರು.

ನಾನು ಹಪ್ಪಳಗಳಿಂದ ದೂರವೇ ಕೂತಿದ್ದೆ. ಆದರೆ ಪಾಲಿಶಿನ ಕಪ್ಪು ಧೂಳು ದೂರ ಹತ್ತಿರ ನೋಡುವುದಿಲ್ಲ. ಚಕ್ರ ತಿರುಗುವಾಗ ಅದು ಹೊಗೆಯಂತೆ ಎದ್ದು, ಗಾಳಿ ಹೇಳಿದ ಕಡೆ ಹೋಯಿತು. ಕಣ್ಣಿಗೆ ಕನ್ನಡಕ, ಮೂಗಿಗೆ ವಸ್ತ್ರ ಕಟ್ಟಿಕೊಂಡಿದ್ದ ನನಗೆ ಅದರ ಪತ್ತೆಯೇ ಹತ್ತಲಿಲ್ಲ. ವೈನಿ ಹಪ್ಪಳ ತಿರುವಿಹಾಕಲು ಬಂದವರು ಒಂದನ್ನು ಎತ್ತಿ ಹಿಡಿದು ಮರಾಠಿಯಲ್ಲಿ, ಇದರಲ್ಲಿ ಕರಿಎಳ್ಳು ಹಾಕಿದ್ದೆವೇ ಎಂದು ಮಹಾನಂದಾಳನ್ನು ಕೇಳಿದರು. ಮಹಾನಂದಾ ಹಪ್ಪಳ ನೋಡಲಿಲ್ಲ, ನನ್ನನ್ನು ನೋಡಿದಳು. ಕನ್ನಡಕ, ವಸ್ತ್ರ ತೆಗೆದಾಗ ಅವುಗಳ ಜಾಗ ಬಿಟ್ಟು ನನ್ನ ಮುಖವೆಲ್ಲ ಕಪ್ಪಾಗಿತ್ತಂತೆ. ವೈನಿ ನನ್ನನ್ನು ಗುರುತು ಹಿಡಿಯದೆ, ಮಹಾನಂದಾಳ ಕಿವಿಯಲ್ಲಿ "ಹಾ ಕೋಣ?", ಅಂದರೆ ಇವನು ಯಾರು, ಎಂದು ಮರಾಠಿಯಲ್ಲಿ ಕೇಳಿದರು. ಆ ವರ್ಷ ನಮ್ಮ ಮನೆಯಲ್ಲಿ ಹಪ್ಪಳ ಕರಿಯಲಿಲ್ಲ. ಆ ವಿಷಯ ತೆಗೆಯುವುದೂ ಇಲ್ಲ.

ಅಂತೂ ಪೈಪು ಮುಗಿಯಿತು. ಉಸ್ತಾದನ ಮುಚ್ಚಳದಷ್ಟು ಅಲ್ಲವಾದರೂ, ಒಂದು ಕಣ್ಣು ಮುಚ್ಚಿ ನೋಡಿದರೆ ಹತ್ತಿರ ಹತ್ತಿರ ಬಂದಿತ್ತು. ಮಿಸ್ತ್ರಿಯನ್ನು ಕರೆಸಿ ಎರಡನ್ನೂ ಕೂಡಿಸಿದೆ. ಗಾಡಿ ಚಾಲೂ ಆಯಿತು. ಬಾನೆಟ್ ಮುಚ್ಚಿದೆ. ಮುಚ್ಚಿದ ಕೂಡಲೇ ನನಗೆ ಅರಿವಾಯಿತು, ಇನ್ನು ಮುಂದೆ ಇದು ಯಾರಿಗೂ ಕಾಣುವುದಿಲ್ಲ ಎಂದು. ಇಷ್ಟು ದೊಡ್ಡ ಸಂಗತಿ ನನಗೆ ಮೊದಲು ಹೊಳೆದಿರಲೇ ಇಲ್ಲ. ಬಂಗಾರ ಮಾಡಿಸಿ ತಿಜೋರಿಯಲ್ಲಿ ಇಟ್ಟ ಹೆಂಗಸಿನ ಸಂಕಟ ನನಗೆ ಅಂದು ಗೊತ್ತಾಯಿತು. ಆಕೆಗಾದರೂ ಮದುವೆ ಮುಂಜಿ ಇರುತ್ತವೆ.

ಹಾಗಾಗಿ ನಾನು ದಾರಿಯಲ್ಲಿ ಬಾನೆಟ್ ಎತ್ತತೊಡಗಿದೆ. ನೀರು ನೋಡುವ ನೆಪ ಇದ್ದೇ ಇತ್ತು. ನಿಲಂಗಾದ ಬಸ್ ಸ್ಟ್ಯಾಂಡ್ ಮುಂದೆ, ಉದಗೀರದಲ್ಲಿ ಭಕ್ತರೊಬ್ಬರ ಅಡತಿ ಅಂಗಡಿಯ ಮುಂದೆ, ನಾಲ್ಕು ಜನ ಕೂತ ಚಹಾದ ಅಂಗಡಿ ಕಂಡರೆ ಅದರ ಮುಂದೆ. ಬಾನೆಟ್ ಎತ್ತಿ, ಬಿಸಿಲು ಮುಚ್ಚಳದ ಮೇಲೆ ಸರಿಯಾಗಿ ಬೀಳುವಂತೆ ಸ್ವಲ್ಪ ಬದಿಗೆ ಸರಿದು ನಿಲ್ಲುತ್ತಿದ್ದೆ. ಜನ ಬರುತ್ತಿದ್ದರು. ನಮ್ಮ ಕಡೆಯ ಜನ ಬಾನೆಟ್ ಎತ್ತಿದ ಗಾಡಿಯನ್ನು ನೋಡಿ ಸುಮ್ಮನೆ ಹೋಗುವವರಲ್ಲ. "ಗರಂ ಆಗ್ಯಾದೇನ್ರಿ ಅಯ್ಯಾರ?" ಎನ್ನುತ್ತಿದ್ದರು. "ಇಲ್ಲ, ಸುಮ್ಮ ನೀರು ನೋಡ್ಲಾಕತ್ತೀನಿ," ಎಂದರೆ ಒಬ್ಬ ಓಡಿಹೋಗಿ ನೀರನ್ನೇ ತಂದು, ಕಾದ ಮುಚ್ಚಳದ ಮೇಲೆ ಸುರಿದು, ಕಲೆ ಮಾಡಿಟ್ಟ. ಇನ್ನೊಂದು ಕಡೆ ನಾನು ಒಳಗೆ ಕೂತು ಚಾವಿ ಹುಡುಕುವಷ್ಟರಲ್ಲಿ ಹಿಂದಿನಿಂದ ನಾಲ್ಕು ಜನ ಜೋರಾಗಿ ತಳ್ಳಿಯೇಬಿಟ್ಟರು. ರುಮಾಲಿನ ಮುದುಕನೊಬ್ಬ ಮಾತ್ರ ಬಗ್ಗಿ ಮುಚ್ಚಳವನ್ನು ಬಹಳ ಹೊತ್ತು ನೋಡಿದ. ಇವನಿಗಾದರೂ ರಸಿಕತೆ ಇದೆ ಎಂದುಕೊಂಡೆ. ಅವನು ಅದರಲ್ಲಿ ನೋಡಿ ರುಮಾಲು ಸರಿಮಾಡಿಕೊಂಡು, "ಯಾವಾಗಿಂದ ಬಂದ್ ಬಿದ್ದಾದ?" ಎಂದು ಕೇಳಿದ.

ಮುಂದಿನದನ್ನು ನನಗೆ ಹೇಳಿದವಳು ಮಹಾನಂದಾ. ಉಮರ್ಗಾದಲ್ಲಿರುವ ಅವಳ ತಂಗಿ ಫೋನ್ ಮಾಡಿದ್ದಳಂತೆ. "ಮಾಮಾರ ಗಾಡಿ ದಿನಾ ರಸ್ತಾದಾಗ ನಿಲ್ತದಂತಲ್ಲ, ಖರೇ ಏನು, ಅಂತ ಕೇಳ್ಯಾಳ. ಉದಗೀರದಾಗ ನಾಲ್ಕು ಮಂದಿ ದೂಡ್ಯಾರಂತ ಅಲ್ಲಿತನಕಾ ಸುದ್ದಿ ಹೋಗ್ಯಾದ."

ನಾನು ನಕ್ಕೆ. ಆದರೆ ಆ ನಗು ಬಹಳ ದಿನ ನಡೆಯಲಿಲ್ಲ. ಒಂದು ಮನೆಯವರು, "ಅಯ್ಯಾರ, ಹಿಂದಿನ ದಿವಸಾನೇ ಬಂದು ಮಲಕೊಂಡು ಬಿಡ್ರಿ," ಎಂದರು. ಇನ್ನೊಂದು ಮನೆಯಲ್ಲಿ ಲಗ್ನಕ್ಕೆ ನನ್ನನ್ನು ಕರೆಯಲೇ ಇಲ್ಲ; ಆಮೇಲೆ ಬಜಾರಿನಲ್ಲಿ ಸಿಕ್ಕಾಗ ಆ ಯಜಮಾನರು ಕೈ ಹಿಡಿದುಕೊಂಡು, "ಸಿಟ್ಟು ಮಾಡ್ಬ್ಯಾಡ್ರಿ, ಮುಹೂರ್ತದ ಮಾತು ಅದ," ಎಂದರು. ನಮ್ಮ ತಂದೆ ಅವರ ಮನೆಯ ಮೂರು ಮದುವೆ ಮಾಡಿದ್ದರು. ನನಗೆ ಆ ದಿನ ಊಟ ರುಚಿಸಲಿಲ್ಲ. ಪೂಜೆ ಮಾಡುವವನ ಮಂತ್ರ ತಪ್ಪಿದರೆ ದೇವರು ಕ್ಷಮಿಸಬಹುದು, ಹೊತ್ತು ತಪ್ಪಿದರೆ ಬೀಗರು ಕ್ಷಮಿಸುವುದಿಲ್ಲ.

"ಖರೇ ಇದ್ದದ್ದು ಹೇಳಿ ಬಿಡ್ರಲ್ಲ," ಎಂದಳು ಮಹಾನಂದಾ.

"ಏನಂತ ಹೇಳ್ಲಿ?"

"ಎಂಜಿನ್ ಚಂದ ಕಾಣ್ತದ, ತೋರಸ್ಲಾಕ ನಿಂದ್ರಸ್ತೀನಿ ಅಂತ."

ವಾರಕ್ಕೊಮ್ಮೆ ಮಠದ ಕಟ್ಟೆಯ ಮೇಲೆ ಕೂತು, ಹೊರಗಿನ ಥಳಕು ಎಲ್ಲ ಸುಳ್ಳು ಎಂದು ನಾನು ಪ್ರವಚನ ಹೇಳುತ್ತೇನೆ. ಹಾಗಾಗಿ ಆ ಉಪಾಯ ಆಗಿಬರುವಂತಿರಲಿಲ್ಲ. ಬಾನೆಟ್ ಎತ್ತುವುದನ್ನು ಮಾತ್ರ ಪೂರ್ತಿ ಬಿಟ್ಟೆ. ಆದರೆ ಸುದ್ದಿ ನಿಲ್ಲಲಿಲ್ಲ.

ಅಷ್ಟರಲ್ಲಿ ಜಳಕೋಟದಿಂದ ವೈಜನಾಥಪ್ಪನವರ ಫೋನು ಬಂತು. ಅವರದು ದೊಡ್ಡ ಒಕ್ಕಲುತನದ ಮನೆ, ನಮ್ಮ ಅಜ್ಜನ ಕಾಲದಿಂದ ನಮ್ಮ ಭಕ್ತರು. ಹೊಸ ಮನೆ ಕಟ್ಟಿಸಿದ್ದರು, ವಾಸ್ತು ಇತ್ತು. ಎಲ್ಲ ಹೇಳಿ ಮುಗಿಸಿ, ಸ್ವಲ್ಪ ತಡೆದು, "ಯಾರಿಗರ ಜತಿಗಿ ಹೇಳಿ ಇಡ್ಲೇನ್ರಿ ಅಯ್ಯಾರ? ಸುಮ್ಮ, ಹೊತ್ತಿಗಿರ್ಲಿ ಅಂತ," ಎಂದರು. ಸ್ಟೆಪ್ನಿ ಚಕ್ರದ ಹಾಗೆ ಇನ್ನೊಬ್ಬ ಅಯ್ಯನವರನ್ನು ಇಟ್ಟುಕೊಳ್ಳುವ ಮಾತು ಅದು. ಈ ಮನೆ ಕೈಬಿಟ್ಟರೆ ಜಳಕೋಟ ಪೂರಾ ಕೈಬಿಟ್ಟಂತೆಯೇ. ನಾನು ಕಾರಿನ ಮೇಲೆ ಆಣೆ ಮಾಡುವುದೊಂದು ಬಿಟ್ಟು ಎಲ್ಲ ಭರವಸೆ ಕೊಟ್ಟೆ. "ಬರೋಬ್ಬರಿ ಹೊತ್ತಿಗಿ ಬರ್ತೀನ್ರಿ. ನೀವು ಫಿಕರ್ ಮಾಡ್ಬ್ಯಾಡ್ರಿ." ಅವರು "ಹಂಗಾರ ನಾವು ನಮ್ಮ ಬಂದೋಬಸ್ತ್ ಮಾಡ್ತೀವ್ರಿ," ಎಂದು ಫೋನ್ ಇಟ್ಟರು.

ಬಂದೋಬಸ್ತ್ ಏನೆಂದು ಉದಗೀರದ ನಾಕಾದಲ್ಲಿ ಗೊತ್ತಾಯಿತು. ವೈಜನಾಥಪ್ಪನವರ ತಮ್ಮ ಮಡಿವಾಳಪ್ಪ ಅಲ್ಲಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಕೈಯಲ್ಲಿ ಹಗ್ಗವಿತ್ತು. ನಾನು ಕಾರು ನಿಲ್ಲಿಸಿದ್ದೇ ತಪ್ಪಾಯಿತು, ಅವನು "ಇಲ್ಲೇ ಬಂದ್ ಬಿತ್ತೇನ್ರಿ?" ಎಂದು ಕೇಳುತ್ತಲೇ ಹಗ್ಗ ಕಟ್ಟತೊಡಗಿದ.

"ಬಂದ್ ಬಿದ್ದಿಲ್ಲಪ್ಪ, ನಿನ್ನ ನೋಡಿ ನಿಂದ್ರಿಸೀನಿ."

"ಇರ್ಲಿ ಬಿಡ್ರಿ. ಅಣ್ಣ ಹೇಳ್ಯಾನ. ದೇವರ ಕೆಲಸಕ್ಕ ರಿಸ್ಕ್ ಬ್ಯಾಡ."

ಉದಗೀರದಿಂದ ಜಳಕೋಟದವರೆಗೆ ನಾನು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಹೋದೆ. ನನ್ನ ಎಂಜಿನ್ ಚಾಲೂ ಇತ್ತು, ಎಂದಿಗಿಂತ ಮೆತ್ತಗೆ ಹಾಡುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ತೊಗರಿ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ನೆಟ್ಟಗೆ ನಿಂತು ನೋಡಿದರು. ಪರಿಚಯದವರು ಮೋಟರ್‌ಸೈಕಲ್ ನಿಧಾನ ಮಾಡಿ, ಕಿಟಕಿಯಲ್ಲಿ ಬಗ್ಗಿ, ಸತ್ತವರ ಮನೆಗೆ ಬಂದವರಂತೆ ತಲೆಯಾಡಿಸಿ ಮುಂದೆ ಹೋದರು. ನಾನೂ ತಲೆಯಾಡಿಸಿದೆ. ಮತ್ತೇನು ಮಾಡಲು ಸಾಧ್ಯವಿತ್ತು?

ಹೊತ್ತಿಗೆ ಮುಂಚೆಯೇ ಮುಟ್ಟಿದೆವು. ವಾಸ್ತು ಚೆನ್ನಾಗಿ ಆಯಿತು, ಹೋಳಿಗೆ ಊಟವೂ ಆಯಿತು. ಅಂಗಳಕ್ಕೆ ಬಂದರೆ ನನ್ನ ಕಾರಿನ ಬಾನೆಟ್ ತೆರೆದಿತ್ತು, ಊರಿನ ಬಾಳು ಮಿಸ್ತ್ರಿ ಒಳಗೆ ಬಗ್ಗಿದ್ದ. ಸುತ್ತ ಇಡೀ ಬೀಗರ ಬಳಗ ನಿಂತಿತ್ತು. ವೈಜನಾಥಪ್ಪನವರೇ ಅವನನ್ನು ಕರೆಸಿದ್ದರು. ಲೋಹದ ಬೆಲೆ ಗೊತ್ತಿರುವ ಕಣ್ಣು ಕೊನೆಗೂ ಅದನ್ನು ನೋಡುತ್ತಿತ್ತು, ಅದೂ ನಾನು ತೋರಿಸದೆ.

"ಇಷ್ಟು ಸಾಫ್ ಎಂಜಿನ್ ನಾ ಇವತ್ತಿನ ತನಕಾ ನೋಡಿಲ್ಲರಿ," ಎಂದ ಮಿಸ್ತ್ರಿ. ನಾನು ಶಲ್ಯ ಸರಿಮಾಡಿಕೊಂಡೆ. ಅವನು ವೈಜನಾಥಪ್ಪನವರ ಕಡೆ ತಿರುಗಿ, "ಪಾಪ, ಎಷ್ಟು ಮಂದಿ ಬಿಚ್ಚ್ಯಾರೋ ಏನೋ. ಛಲೋ ಎಂಜಿನ್ ಹಿಂಗ ಇರಲ್ಲರಿ, ಮಣ್ಣು ಎಣ್ಣಿ ಹತ್ತಿ ಗಪ್ಪ ಕೂತಿರ್ತದ. ಬಾರಬಾರ ಬಿಚ್ಚಿ ತಿಕ್ಕಿದ್ರೇ ಹಿಂಗ ಆಗ್ತದ. ಒಳಗ ಏನರ ದೊಡ್ಡ ಬೀಮಾರಿ ಅದ," ಎಂದ. ಆಮೇಲೆ ಉಸ್ತಾದನ ಮುಚ್ಚಳವನ್ನು ಬೆರಳಿನಿಂದ ಬಾರಿಸಿ, "ಇದು ಡೂಪ್ಲಿಕೇಟ್ ಹಾಕ್ಯಾರ ನೋಡ್ರಿ. ಕಂಪನಿದು ಇಷ್ಟು ಹೊಳ್ಯಾಂಗಿಲ್ಲ," ಎಂದ.

ನನಗೆ ಬಾಯಿ ತಡೆಯಲಾಗಲಿಲ್ಲ. "ಆ ಪೈಪು?" ಎಂದು ಕೇಳಿದೆ.

ಅವನು ಪೈಪನ್ನು ಹಿಂದೆ ಮುಂದೆ ನೋಡಿದ. "ಇದೊಂದು ಓರಿಜಿನಲ್ ಅದ ನೋಡ್ರಿ," ಎಂದ ಸಮಾಧಾನದಿಂದ. "ಇದಕ್ಕ ಯಾರೂ ಕೈ ಹಚ್ಚಿಲ್ಲ."

ವೈಜನಾಥಪ್ಪನವರು ನನ್ನ ಬೆನ್ನ ಮೇಲೆ ಕೈಯಿಟ್ಟು, ಇನ್ನು ಮುಂದೆ ಏನೇ ಕಾರ್ಯವಿದ್ದರೂ ತಮ್ಮ ಮನೆಯ ಗಾಡಿಯೇ ನಿಲಂಗಾಕ್ಕೆ ಬಂದು ಕರೆದುಕೊಂಡು ಹೋಗುತ್ತದೆ ಎಂದರು. ಅಂದರೆ ಮನೆ ಕೈಬಿಡಲಿಲ್ಲ. ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಮರಳಿ ಬಿಡಲು ಟ್ರ್ಯಾಕ್ಟರ್ ಬರುತ್ತದೆ ಎಂದದ್ದನ್ನು ಮಾತ್ರ ಕೈಮುಗಿದು ಬೇಡವೆಂದೆ.

ಒಬ್ಬನೇ ಹೊರಟೆ. ಊರು ದಾಟಿದ ಮೇಲೆ ಎರಡೂ ಕಡೆ ಕರಿಮಣ್ಣಿನ ಹೊಲ, ನರಪಿಳ್ಳೆಯೂ ಇರಲಿಲ್ಲ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ನನಗೆ ಅನ್ನಿಸಿತು, ಇಷ್ಟು ದಿನ ಊರಿಗೆಲ್ಲ ತೋರಿಸುವ ಗದ್ದಲದಲ್ಲಿ ನಾನೇ ಇದನ್ನು ಸರಿಯಾಗಿ ನೋಡಿಲ್ಲ. ಗಾಡಿ ಬದಿಗೆ ಹಚ್ಚಿ ಬಾನೆಟ್ ಎತ್ತಿದೆ. ಚಂದವಾಗಿತ್ತು. ಮುಚ್ಚಳದ ಮೇಲೆ ಇಡೀ ಆಕಾಶವಿತ್ತು, ಪೈಪಿನ ಮೇಲೆ ಅದರ ಒಂದು ತುಂಡು ಮಬ್ಬಾಗಿ ಇತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಒಂದು ಮೋಟರ್‌ಸೈಕಲ್ ಬಂದು ನಿಂತಿತು. ಗಂಡ ಹೆಂಡತಿ, ನಡುವೆ ಹಿಟ್ಟಿನ ಚೀಲ. ಪರಿಚಯದವರಲ್ಲ.

"ಏನಾಗ್ಯಾದ್ರಿ ಕಾಕಾ?" ಎಂದ ಗಂಡ.

ಪರಿಚಯದವರಲ್ಲವಾದ್ದರಿಂದ ನನಗೆ ಖರೇ ಹೇಳುವ ಧೈರ್ಯ ಬಂತು. "ಏನೂ ಆಗಿಲ್ಲಪ್ಪ. ಎಂಜಿನ್ ಹೊಳೀತದ. ನೋಡ್ಕೋತ ನಿಂತೀನಿ."

ಅವನು ಎಂಜಿನ್ ನೋಡಿದ. ಆಮೇಲೆ ನನ್ನನ್ನು ನೋಡಿದ. ಆಕೆ ಗಾಡಿಯಿಂದ ಇಳಿದು, ಕೈಚೀಲದಿಂದ ನೀರಿನ ಬಾಟಲಿ ತೆಗೆದು, ನನ್ನ ಕೈಗೆ ಕೊಟ್ಟಳು. "ಬಿಸಿಲು ಭಾಳ ಅದರಿ. ಮೊದಲ ನೀರು ಕುಡೀರಿ. ಜರಾ ನೆರಳಿಗಿ ಕೂಡ್ರಿ," ಎಂದಳು. ಗಂಡ ಮೆಲ್ಲಗೆ, ಬಹಳ ಮರ್ಯಾದೆಯಿಂದ, "ಮನಿಯಾಗ ಯಾರರ ಇದ್ದಾರೇನ್ರಿ? ಫೋನ್ ನಂಬರ್ ಹೇಳ್ರಿ, ನಾ ಹಚ್ಚಿ ಕೊಡ್ತೀನಿ," ಎಂದ.

ನಾನು ನೀರು ಕುಡಿದೆ, ಬಾನೆಟ್ ಮುಚ್ಚಿದೆ, ಮಹಾನಂದಾಳ ನಂಬರ್ ಮಾತ್ರ ಕೊಡಲಿಲ್ಲ. ಉದಗೀರ ಬರುವ ತನಕ ಆ ಗಂಡಹೆಂಡತಿ ಮೋಟರ್‌ಸೈಕಲ್ಲನ್ನು ನನ್ನ ಹಿಂದೆಯೇ ನಿಧಾನಕ್ಕೆ ನಡೆಸಿಕೊಂಡು ಬಂದರು. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಆಕೆ ಕೈ ಮಾಡಿ, ಮುಂದೆ ನೋಡಿ ಹೊಡೀರಿ ಎಂದು ಸನ್ನೆ ಮಾಡುತ್ತಿದ್ದಳು.